ಉತ್ತರದ ಹಿಂದಿನ ತೊಂದರೆ ಹುಡುಕು

ಚಿ. ಮೇಘನಾಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಆರಾಮ. ನಿನ್ನ ದೊಡ್ಡಪ್ಪನ ಮಂಡಿನೋವು ಈಗ ಕಡಿಮೆಯಾಗಿದೆ. ಮೊನ್ನೆ ನಿನ್ನಮ್ಮ ಫೋನ್ ಮಾಡಿದ್ದಳು. ಸರ್ಕಾರಿ ಕೆಲಸದ ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದೀಯಂತೆ. ಸಾಮಾನ್ಯ ಜ್ಞಾನದ ಪುಸ್ತಕ ತೆಗೆದರೆ ಅಳು ಬರುತ್ತದಂತೆ. ಸಾವಿರಾರು ಒಂದು ಸಾಲಿನ ಪ್ರಶ್ನೆ, ಒಂದು ಪದದ ಉತ್ತರ. ರಾತ್ರಿ ಉರು ಹೊಡೆದದ್ದು ಬೆಳಿಗ್ಗೆ ಇರುವುದಿಲ್ಲ ಅಂದೆಯಂತೆ. ಇದನ್ನೆಲ್ಲ ಫೋನಿನಲ್ಲಿ ಹೇಳಲು ಹೋದರೆ ಅರ್ಧ ಮಾತು ಉಳಿದುಹೋಗುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನೀನು ಉತ್ತರ ನೆನಪಿಡಲು ಒದ್ದಾಡುತ್ತಿದ್ದೀಯ. ಸ್ವಲ್ಪ ಬೇರೆ ರೀತಿ ಮಾಡಿ ನೋಡು ಮಗಳೇ. ಇಂಥ ವಿಚಿತ್ರ ಸಂಗತಿಗಳ ಹಿಂದೆ ಹೆಚ್ಚಾಗಿ ಯಾರಿಗೋ ಒಂದು ತೊಂದರೆ ಇರುತ್ತದೆ. ಆ ತೊಂದರೆ ಏನು ಅಂತ ಗೊತ್ತಾದರೆ ಉತ್ತರ ತಾನಾಗಿ ತಲೆಯಲ್ಲಿ ಕೂರುತ್ತದೆ. ಇದನ್ನು ನನಗೆ ಕಲಿಸಿದವರು ನಿನ್ನ ತಾತ.

ತಾತ ಬೀರೂರು ಕಡೆ ಒಂದು ಸಣ್ಣ ಸ್ಟೇಷನ್ನಿನಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದರು ಅಂತ ನಿನಗೆ ಗೊತ್ತು. ನಿನ್ನಮ್ಮ ಆಗ ಕೈಕೂಸು, ಅವಳಿಗೆ ಅದೇನೂ ನೆನಪಿಲ್ಲ. ನಮ್ಮ ಕ್ವಾರ್ಟರ್ಸ್ ಪ್ಲಾಟ್‌ಫಾರ್ಮಿಗೆ ಅಂಟಿಕೊಂಡೇ ಇತ್ತು. ಆಗ ಅಲ್ಲಿ ಇದ್ದದ್ದು ಮೀಟರ್ ಗೇಜ್, ಹಳಿಗಳ ನಡುವೆ ಸರಿಯಾಗಿ ಒಂದು ಮೀಟರ್. ಈಗಿನ ಬ್ರಾಡ್ ಗೇಜ್ 1,676 ಮಿಲಿಮೀಟರ್. ರೈಲು ಬಂದಾಗ ಜನ ಇಳಿಯುವವರನ್ನು, ಹತ್ತುವವರನ್ನು ನೋಡುತ್ತಿದ್ದರು. ತಾತ ಮಾತ್ರ ರೈಲಿನ ಬಾಲವನ್ನೇ ನೋಡುತ್ತಿದ್ದರು. ರೈಲು ಪೂರ್ತಿ ದಾಟಿಹೋಗಿ, ಕೊನೆಯ ಬೋಗಿಯ ಹಿಂದಿನ ಹಲಗೆಯೋ ಕೆಂಪು ದೀಪವೋ ಕಣ್ಣಿಗೆ ಬೀಳುವ ತನಕ ಅವರು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಯಾಕೆ ಅಂತ ಕೇಳಿದೆ. ‘ದಾರಿಯಲ್ಲಿ ಕೊಂಡಿ ಕಳಚಿ ಎರಡು ಬೋಗಿ ಹಿಂದೆಯೇ ನಿಂತುಬಿಟ್ಟಿದ್ದರೆ? ಅದು ಗೊತ್ತಿಲ್ಲದೆ ನಾನು ಇನ್ನೊಂದು ಗಾಡಿಗೆ ದಾರಿ ಬಿಟ್ಟರೆ?’ ಅಂದರು. ಕೊನೆಯ ಗುರುತು ಕಂಡರೆ ರೈಲು ಪೂರ್ತಿ ಬಂದಿದೆ ಅಂತ ಅರ್ಥ. ಈಗ ಕೊನೆಯ ಬೋಗಿಯ ಮೇಲೆ ಎಕ್ಸ್ ಆಕಾರದ ದೊಡ್ಡ ಗುರುತು ಬರೆದಿರುತ್ತಾರಲ್ಲ, ಅದೂ ಇದಕ್ಕೇ. ನಿನ್ನ ಪುಸ್ತಕದಲ್ಲಿ ಈ ಪ್ರಶ್ನೆ ಖಂಡಿತ ಇದೆ. ಇನ್ನು ಮೇಲೆ ಅದನ್ನು ಮರೆಯುತ್ತೀಯಾ ಹೇಳು?

ಟೋಕನ್ ವಿಷಯವೂ ಹಾಗೇ. ಒಂದೇ ಹಳಿ, ಎರಡು ಕಡೆಯಿಂದಲೂ ರೈಲು ಬರಬೇಕು. ಎದುರುಬದುರು ಬಂದರೆ ಗತಿಯೇನು? ತಾತನ ಕೋಣೆಯಲ್ಲಿ ಒಂದು ಭಾರವಾದ ಯಂತ್ರ ಇತ್ತು, ಒಳಗೆ ಕಬ್ಬಿಣದ ಗುಂಡುಗಳು, ಅವೇ ಟೋಕನ್. ಪಕ್ಕದ ಸ್ಟೇಷನ್ನಿನಲ್ಲೂ ಅಂಥದ್ದೇ ಯಂತ್ರ. ಎರಡಕ್ಕೂ ತಂತಿಯ ಸಂಪರ್ಕ. ಒಂದು ಗುಂಡು ಹೊರಗೆ ಬಂದರೆ, ಅದನ್ನು ಎರಡರಲ್ಲೊಂದು ಯಂತ್ರಕ್ಕೆ ಮತ್ತೆ ಹಾಕುವ ತನಕ ಎರಡೂ ಕಡೆ ಇನ್ನೊಂದು ಗುಂಡು ಬರುವುದಿಲ್ಲ. ಆ ಗುಂಡು ಕೈಯಲ್ಲಿಲ್ಲದೆ ಡ್ರೈವರ್ ಮುಂದೆ ಹೋಗುವಂತಿಲ್ಲ. ಅದನ್ನು ಚರ್ಮದ ಚೀಲದಲ್ಲಿ ಹಾಕಿ, ದೊಡ್ಡ ಬಳೆಯಂಥ ಬೆತ್ತದ ರಿಂಗಿಗೆ ಕಟ್ಟಿ, ಪಾಯಿಂಟ್ಸ್‌ಮನ್ ಎತ್ತಿ ಹಿಡಿಯುತ್ತಿದ್ದ. ಓಡುವ ಇಂಜಿನ್ನಿನಿಂದ ಫೈರ್‌ಮನ್ ಬಗ್ಗಿ ತೋಳಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ನಾವು ಮಕ್ಕಳು ಅದನ್ನು ನೋಡಲು ಊಟದ ತಟ್ಟೆ ಬಿಟ್ಟು ಓಡುತ್ತಿದ್ದೆವು. ಸಾವಿರಾರು ಜೀವ ಉಳಿಸಿದ ಬುದ್ಧಿವಂತಿಕೆ ಅದು, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು.

ಸ್ಟೇಷನ್ನಿನ ಹಳದಿ ಬೋರ್ಡಿನ ಕೆಳಗೆ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅಂತ ಬರೆದಿರುತ್ತದೆ, ನೋಡಿದ್ದೀಯಲ್ಲ. ನಮ್ಮೂರಿನಿಂದ ಸಮುದ್ರ ಎಲ್ಲಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಸಮುದ್ರದ ನೀರು ಏರಿ ಇಳಿಯುತ್ತದೆ ಅಂತ ಶಾಲೆಯಲ್ಲಿ ಹೇಳಿದ್ದರು. ಏರಿದಾಗಿನ ಮಟ್ಟವೋ, ಇಳಿದಾಗಿನ ಮಟ್ಟವೋ ಅಂತ ಕೇಳಿದೆ. ‘ಎರಡೂ ಅಲ್ಲ, ವರ್ಷಗಟ್ಟಲೆ ಅಳೆದು ಸರಾಸರಿ ತೆಗೆದದ್ದು’ ಅಂದರು ತಾತ. ಆ ಸರಾಸರಿಯ ಕಥೆ ನಾನು ಮೇಷ್ಟ್ರಾದ ಮೇಲೆ ಓದಿದ್ದು. ಒಂಬತ್ತು ಬಂದರುಗಳಲ್ಲಿ ಉಬ್ಬರ ಇಳಿತ ಅಳೆದು, 1909ರಲ್ಲಿ ಇಡೀ ದೇಶಕ್ಕೆ ಒಂದು ಮಟ್ಟ ಗೊತ್ತು ಮಾಡಿದರು. ಕರಾಚಿ, ಮುಂಬೈ, ಕೊಚ್ಚಿ, ನಾಗಪಟ್ಟಣಂ, ಚೆನ್ನೈ, ವಿಶಾಖಪಟ್ಟಣ ಎಲ್ಲ ಅದರಲ್ಲಿವೆ. ನಮ್ಮ ಕಾರವಾರವೂ ಇದೆ! ಕಾರವಾರದ ಅಲೆ ಅಳೆದ ಲೆಕ್ಕವೂ ಸೇರಿಕೊಂಡೇ ನಮ್ಮ ಸ್ಟೇಷನ್ನಿನ ಬೋರ್ಡಿನ ಮೇಲಿನ ಅಂಕಿ ಬಂದಿತ್ತು. ಹಳಿ ಹಾಕುವ ಇಂಜಿನಿಯರಿಗೆ ಎಲ್ಲಿ ಏರು, ಎಲ್ಲಿ ಇಳಿಜಾರು, ಎಲ್ಲಿ ನೀರು ನಿಲ್ಲುತ್ತದೆ ಅಂತ ಗೊತ್ತಾಗಬೇಕು. ಅದಕ್ಕೆ ಎಲ್ಲ ಊರಿಗೂ ಒಂದೇ ಸೊನ್ನೆ ಬೇಕು. ಕಾರವಾರಕ್ಕೆ ಹೋದಾಗ ಕಡಲಿನ ಎದುರು ನಿಂತು ನನಗೆ ನೆನಪಾದದ್ದು ಈ ಬೋರ್ಡೇ.

ಈಗ ಬೆರಳಿನ ಶಾಯಿಗೆ ಬರೋಣ. ನಾನು ಚಿಕ್ಕವಳಿದ್ದಾಗ ಓಟು ಹಾಕಿ ಬಂದ ಅಜ್ಜಿಯ ಬೆರಳನ್ನು ಸೀಗೆಪುಡಿ, ಹುಣಸೆಹಣ್ಣು, ಸೀಮೆಎಣ್ಣೆ ಎಲ್ಲ ಹಾಕಿ ತಿಕ್ಕಿದ್ದೆ. ಅಜ್ಜಿ ನಗುತ್ತಾ ಕೈ ಕೊಟ್ಟು ಕೂತಿದ್ದರು. ಕಲೆ ಅಲುಗಲಿಲ್ಲ. ಆ ಶಾಯಿ ಮಾಡುವುದು ಮೈಸೂರಿನಲ್ಲಿ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆ ಅದು. ಈಗಿನ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಮಹಾಚುನಾವಣೆಯಿಂದ ದೇಶಕ್ಕೆಲ್ಲ ಅಲ್ಲಿನದೇ ಶಾಯಿ, ಹೊರದೇಶಗಳಿಗೂ ಹೋಗುತ್ತದೆ. ತೊಂದರೆ ಏನಿತ್ತು? ಒಬ್ಬನೇ ಎರಡು ಸಲ ಬಂದು ಓಟು ಹಾಕುವುದು. ಗುರುತಿನ ಚೀಟಿ ಇಲ್ಲದ ಕಾಲ ಅದು. ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ. ಅದು ಚರ್ಮದ ಮೇಲಿನ ಉಪ್ಪಿನ ಅಂಶದ ಜೊತೆ ಸೇರಿ, ನೀರಿನಲ್ಲಿ ಕರಗದ ವಸ್ತುವಾಗುತ್ತದೆ. ಬೆಳಕು ಬಿದ್ದ ಹಾಗೆ ಕಪ್ಪಾಗುತ್ತದೆ. ಹಳೇ ಚರ್ಮ ಉದುರಿ, ಉಗುರು ಬೆಳೆದು ಮುಂದೆ ಬಂದ ಮೇಲೆಯೇ ಅದು ಹೋಗುವುದು. ನೋಡು, ಪುಸ್ತಕದಲ್ಲಿ ‘ಸಿಲ್ವರ್ ನೈಟ್ರೇಟ್’ ಅಂತ ಒಂದೇ ಪದ ಇರುತ್ತದೆ. ಅದರ ಹಿಂದೆ ಇಷ್ಟೆಲ್ಲ ಇದೆ.

ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಶ್ರೀರಾಮ ಭಿಕಾಜಿ ವೇಲಣಕರ್ ಅನ್ನುವವರು ರೂಪಿಸಿದ್ದು. ಹೊಸಹಳ್ಳಿ ಅನ್ನುವ ಹೆಸರಿನ ಊರು ನಮ್ಮ ರಾಜ್ಯದಲ್ಲೇ ಎಷ್ಟಿವೆ ಯೋಚಿಸು. ವಿಳಾಸ ಬರೆಯುವುದು ಹಲವು ಭಾಷೆಯಲ್ಲಿ, ಹಲವು ಲಿಪಿಯಲ್ಲಿ. ಅಂಚೆ ವಿಂಗಡಿಸುವವರ ಕಷ್ಟ ಇದೇ. ಮೊದಲ ಅಂಕಿ ದೇಶದ ಯಾವ ಭಾಗ ಅಂತ ಹೇಳುತ್ತದೆ. ಮೊದಲ ಮೂರು ಸೇರಿದರೆ ವಿಂಗಡಣೆಯ ಜಿಲ್ಲೆ, ಉಳಿದ ಮೂರು ನಿನ್ನ ಅಂಚೆ ಕಚೇರಿ. ಬೆಂಗಳೂರಿಗೆ 560, ಮೈಸೂರಿಗೆ 570, ಧಾರವಾಡಕ್ಕೆ 580, ಬೆಳಗಾವಿಗೆ 590. 9ರಿಂದ ಶುರುವಾದರೆ ಅದು ಸೈನ್ಯದ ಅಂಚೆ.

ನಾಣ್ಯದ ವಿಷಯ ನನಗೆ ಬಹಳ ಇಷ್ಟ. 1957ರ ಏಪ್ರಿಲ್ 1ಕ್ಕೆ ಮೊದಲು ರೂಪಾಯಿಗೆ ಹದಿನಾರು ಆಣೆ, ಅರವತ್ತನಾಲ್ಕು ಪೈಸೆ. ಆಮೇಲೆ ನೂರು ನಯೇ ಪೈಸೆ ಆಯಿತು. 1964ರಲ್ಲಿ ‘ನಯೇ’ ಅನ್ನುವುದನ್ನು ಬಿಟ್ಟರು. ಒಂದಾಣೆ ಅಂದರೆ ಆರೂಕಾಲು ಪೈಸೆ! ಕಾಲು ಪೈಸೆ ಯಾರು ಕೊಡುತ್ತಾರೆ? ಅಜ್ಜಿ ಎಷ್ಟೋ ವರ್ಷ ನಾಲ್ಕಾಣೆ, ಎಂಟಾಣೆ ಅಂತಲೇ ಲೆಕ್ಕ ಹಾಕುತ್ತಿದ್ದರು. ಐದು ಪೈಸೆ ಚೌಕ, ಮೂರು ಪೈಸೆಗೆ ಆರು ಮೂಲೆ, ಹತ್ತು ಪೈಸೆಗೆ ಅಲೆಅಲೆಯಾದ ಅಂಚು. ಕಣ್ಣು ಮಂಜಾಗಿದ್ದ ಅಜ್ಜಿ ಮಡಿಲಲ್ಲಿ ಕೈ ಹಾಕಿ, ಮುಟ್ಟಿ ನೋಡಿ, ಸರಿಯಾದ ಪೈಸೆ ತೆಗೆದುಕೊಡುತ್ತಿದ್ದರು. ಆಕಾರ ಬೇರೆ ಬೇರೆ ಮಾಡಿದ್ದರ ಉಪಯೋಗ ನಾನು ಕಂಡದ್ದು ಅವರ ಕೈಯಲ್ಲಿ. 60ರ ದಶಕದ ಕೊನೆಗೆ ಹಿತ್ತಾಳೆ ಬಣ್ಣದ ಇಪ್ಪತ್ತು ಪೈಸೆ ಬಂತು, ಒಂದು ಕಡೆ ಕಮಲ. ಲಕ್ಷ್ಮೀಪೂಜೆಗೆ ಅಂತ ಎಷ್ಟೋ ಮನೆಗಳಲ್ಲಿ ಅದನ್ನು ಖರ್ಚು ಮಾಡದೆ ತೆಗೆದಿಡುತ್ತಿದ್ದರು.

ನಾಣ್ಯ ಕೈಗೆ ಬಂದರೆ ವರ್ಷದ ಕೆಳಗೆ ನೋಡು. ಚುಕ್ಕೆ ಇದ್ದರೆ ನೋಯ್ಡಾ, ವಜ್ರದ ಆಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಏನೂ ಇಲ್ಲದಿದ್ದರೆ ಕೋಲ್ಕತ್ತ. ನೋಟಿನ ಹಿಂದೆ ಭಾಷೆಗಳ ಪಟ್ಟಿಯಲ್ಲಿ ಹದಿನೈದು ಸಾಲಿವೆ, ಕನ್ನಡ ನಾಲ್ಕನೆಯದು. ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿದ್ದರಿಂದ ಅಸ್ಸಾಮಿ, ಬಂಗಾಳಿ, ಗುಜರಾತಿ ಆದ ಮೇಲೆ ನಮ್ಮದು. ಒಂದು ರೂಪಾಯಿ ನೋಟಿಗೆ ಮಾತ್ರ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ಇರುವುದಿಲ್ಲ, ಹಣಕಾಸು ಕಾರ್ಯದರ್ಶಿಯದು ಇರುತ್ತದೆ. ಅದು ಭಾರತ ಸರ್ಕಾರದ ನೋಟು. ನಿನ್ನಮ್ಮ ಶಾಲೆಗೆ ಹೋಗುವಾಗ ಎರಡು ರೂಪಾಯಿ ನೋಟಿನ ಹಿಂದೆ ಆರ್ಯಭಟ ಉಪಗ್ರಹ ಇತ್ತು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾಗಿ, 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಏರಿ ಹೋದದ್ದು. ಅವಳನ್ನು ಕೇಳು, ನೆನಪಿರಬಹುದು.

ಇನ್ನೊಂದು ಮುಖ್ಯ ಮಾತು. ಉತ್ತರಕ್ಕೂ ತಾರೀಖು ಇರುತ್ತದೆ. ನಮ್ಮ ಶಾಲೆಯಲ್ಲಿ ಮೈಸೂರು ರಾಜ್ಯದ ಹತ್ತೊಂಬತ್ತು ಜಿಲ್ಲೆಗಳನ್ನು ರಾಗವಾಗಿ ಹೇಳಿಸುತ್ತಿದ್ದರು. ನಾನು ಈಗಲೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆದರೆ 1973ರ ನವೆಂಬರ್ 1ಕ್ಕೆ ರಾಜ್ಯದ ಹೆಸರೇ ಕರ್ನಾಟಕ ಆಯಿತು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಬಂತು. 1997ರಲ್ಲಿ ಒಟ್ಟಿಗೆ ಏಳು ಹೊಸ ಜಿಲ್ಲೆ. ಆಮೇಲೆ ಬಂದ ಇನ್ನೂ ಕೆಲವು, 2021ರ ವಿಜಯನಗರ ಎಲ್ಲ ಸೇರಿ ಈಗ 31. ಇದರ ಹಿಂದೆಯೂ ಜನರ ಕಷ್ಟವೇ ಇದೆ. ಒಂದು ಕಾಗದಕ್ಕೆ ಸಹಿ ಹಾಕಿಸಲು ದಿನವಿಡೀ ಬಸ್ಸಿನಲ್ಲಿ ಕೂತು ಜಿಲ್ಲಾ ಕೇಂದ್ರಕ್ಕೆ ಹೋಗಬೇಕಿತ್ತು. ನೀನು ಓದುವ ಪುಸ್ತಕ ಯಾವ ವರ್ಷದ್ದು ಅಂತ ಮೊದಲು ನೋಡು. ಹಳೆಯದಾದರೆ ಅಗ್ಗಕ್ಕೆ ಸಿಕ್ಕಿತು ಅಂತ ಇಟ್ಟುಕೊಳ್ಳಬೇಡ.

ವಾಟ್ಸಾಪಿನಲ್ಲಿ ಬರುವುದನ್ನು ನೋಟ್ಸಿನಲ್ಲಿ ಬರೆದುಕೊಳ್ಳಬೇಡ. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೋ ಜಗತ್ತಿನಲ್ಲೇ ಶ್ರೇಷ್ಠ ಅಂತ ಘೋಷಿಸಿದೆ ಅನ್ನುವ ಸಂದೇಶ ವರ್ಷವರ್ಷ ಬರುತ್ತದೆ. ಅದು ಸುಳ್ಳು, ಯುನೆಸ್ಕೋ ಹಾಗೆ ಯಾವತ್ತೂ ಹೇಳಿಲ್ಲ. ನಮ್ಮ ರಾಷ್ಟ್ರಗೀತೆಯ ಮೇಲಿನ ಪ್ರೀತಿಗೆ ಯಾರ ಸರ್ಟಿಫಿಕೇಟೂ ಬೇಕಾಗಿಲ್ಲ. ಹಳೇ ನಾಣ್ಯಕ್ಕೆ ಲಕ್ಷ ಲಕ್ಷ ಕೊಡುತ್ತೇವೆ ಅನ್ನುವುದಂತೂ ದುಡ್ಡು ಕೀಳುವ ದಾರಿ. ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ತನ್ನ ಹೆಸರು ಹೇಳಿಕೊಂಡು ಹಳೇ ನೋಟು, ನಾಣ್ಯದ ವ್ಯಾಪಾರಕ್ಕೆ ಶುಲ್ಕ ಕೇಳುವವರನ್ನು ನಂಬಬೇಡಿ ಅಂತ.

ಎಲ್ಲದಕ್ಕೂ ಹೀಗೆ ಕಥೆ ಹುಡುಕುತ್ತಾ ಕೂರಬೇಡ. ನದಿಯ ಉದ್ದ, ಪ್ರಶಸ್ತಿ ಬಂದ ವರ್ಷ, ಇಂಥದ್ದನ್ನು ಸುಮ್ನೆ ಬರೆದು ಬರೆದು ಬಾಯಿಪಾಠ ಮಾಡು. ಬೇರೆ ದಾರಿ ಇಲ್ಲ. ಆದರೆ ಹೆಸರಿನ ಪ್ರಶ್ನೆ ಬಂದಾಗ ಆ ಮನುಷ್ಯ ಯಾರು ಅಂತ ಎರಡು ನಿಮಿಷ ನೋಡು. ಆಕಾಶವಾಣಿಯ ಬೆಳಗಿನ ಆ ರಾಗವನ್ನು ಕೂಡಿಸಿದವರು ವಾಲ್ಟರ್ ಕೌಫ್‌ಮನ್. ಯಹೂದಿ. ಹಿಟ್ಲರನ ಕಾಲದಲ್ಲಿ ಯುರೋಪು ಬಿಟ್ಟು 1934ರಲ್ಲಿ ಮುಂಬೈಗೆ ಬಂದವರು. ತಂಬೂರಿಯ ಶ್ರುತಿಯ ಮೇಲೆ ಪಿಟೀಲು. ಪಕ್ಕದ ಕ್ವಾರ್ಟರ್ಸಿನ ರೇಡಿಯೋದಲ್ಲಿ ಅದು ಶುರುವಾದರೆ ನಮ್ಮಮ್ಮ ಒಲೆ ಹಚ್ಚುತ್ತಿದ್ದರು. ಮನೆ ಕಳೆದುಕೊಂಡು ಬಂದ ಒಬ್ಬ ಮನುಷ್ಯ ಮಾಡಿದ ರಾಗಕ್ಕೆ ನಮ್ಮ ದೇಶದ ಎಷ್ಟೋ ಮನೆಗಳು ಏಳುತ್ತಿದ್ದವು.

ಈಗ ನೀನು ಮಾಡಬೇಕಾದದ್ದು ಇಷ್ಟು. ಎಷ್ಟು ಓದಿದರೂ ನಿಲ್ಲದ ಪ್ರಶ್ನೆಗಳನ್ನು ಬೇರೆ ಹಾಳೆಯಲ್ಲಿ ಬರೆದು, ಭಾನುವಾರ ಫೋಟೋ ತೆಗೆದು ಕಳಿಸು. ನಾನು ಹಳೇ ಪುಸ್ತಕಗಳನ್ನು ತೆಗೆದು ಹುಡುಕಿ ಬರೆಯುತ್ತೇನೆ. ನನಗೂ ಈಗ ಬೇಕಾದಷ್ಟು ಸಮಯ ಇದೆ. ರಾತ್ರಿ ಹನ್ನೊಂದರ ಮೇಲೆ ಓದಬೇಡ. ಪರೀಕ್ಷಾ ಕೇಂದ್ರ ನಮ್ಮ ಊರಿಗೇ ಬಿದ್ದರೆ ಲಾಡ್ಜು ಹುಡುಕಬೇಡ, ಹಿಂದಿನ ದಿನವೇ ಮನೆಗೆ ಬಾ. ಹಾಲ್ ಟಿಕೆಟ್ ಬಂದ ಕೂಡಲೇ ತಿಳಿಸು. ನಿನ್ನಮ್ಮನಿಗೆ, ಅಪ್ಪನಿಗೆ ನಾನು ಕೇಳಿದೆ ಅಂತ ಹೇಳು.

ಇಂತಿ,
ನಿನ್ನ ದೊಡ್ಡಮ್ಮ