ಪಿಎಸ್‌ಬಿ ಬಾಟಲಿಯ ಹೊಸ ದರ, ಮುಂಗಡ ಬುಕಿಂಗ್: ಸದಸ್ಯರಿಗೂ ಗ್ರಾಹಕರಿಗೂ

ಮಾನ್ಯರೇ,

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಪಿಎಸ್‌ಬಿ (ಮಣ್ಣಿನ ರಂಜಕ ಕರಗಿಸುವ ಬ್ಯಾಕ್ಟೀರಿಯಾ) ದ್ರವ ಗೊಬ್ಬರದ ಲೀಟರ್ ಬಾಟಲಿಗೆ 40 ರೂಪಾಯಿ ಹೆಚ್ಚಾಗುತ್ತದೆ. ಬೇಕಾದವರು ಮೂರು ವಾರ ಮುಂಚೆ ಕೌಂಟರಿನಲ್ಲಿ ಹೆಸರು ಬರೆಸಬೇಕು. ತೋಟದ ಖರ್ಚು ಏರಿರುವ ಹೊತ್ತಿನಲ್ಲಿ ಇದು ಹೊರೆಯೇ. ಕ್ಷಮೆಯಿರಲಿ.

ಆದರೆ ಒಂದು ಮಾತು ಕೇಳಿ ಕೇಳಿ ಮನಸ್ಸಿಗೆ ನೋವಾಗಿದೆ: "ಲ್ಯಾಬಿನ ಫ್ಲಾಸ್ಕಿನಲ್ಲಿ ಮಾಡುವಾಗ ಅಗ್ಗವಿತ್ತು. ಸಾವಿರ ಲೀಟರಿನ ಟ್ಯಾಂಕ್ ಬಂದ ಮೇಲೆ ದರ ಇಳಿಯಬೇಕಿತ್ತಲ್ಲ?"

ಫ್ಲಾಸ್ಕನ್ನು ಅಲುಗಾಡಿಸುವ ಶೇಕರಿನಲ್ಲಿಟ್ಟರೆ ಹತ್ತಿಯ ಬಿರಡೆಯಿಂದಲೇ ಬೇಕಾದಷ್ಟು ಗಾಳಿ ಸಿಗುತ್ತದೆ. ಟ್ಯಾಂಕಿನಲ್ಲಿ ಹಾಗಲ್ಲ. ಒಂದು ಲೀಟರ್ ನೀರಿನಲ್ಲಿ ಕರಗುವ ಆಮ್ಲಜನಕ ಎಂಟು ಮಿಲಿಗ್ರಾಂ ಆಸುಪಾಸು. ಹುಲುಸಾಗಿ ಬೆಳೆದ ಬ್ಯಾಕ್ಟೀರಿಯಾ ಅದನ್ನು ಒಂದೆರಡು ನಿಮಿಷದಲ್ಲಿ ಮುಗಿಸುತ್ತದೆ. ಹಾಗಾಗಿ ಕಂಪ್ರೆಸರ್ ಹಗಲೂ ರಾತ್ರಿ ಓಡಬೇಕು, ಆ ಗಾಳಿ 0.2 ಮೈಕ್ರಾನ್ ಫಿಲ್ಟರ್ ದಾಟಿಯೇ ಒಳಗೆ ಹೋಗಬೇಕು. ಕರೆಂಟ್ ಹೋದ ಕ್ಷಣ ಜನರೇಟರ್. ಡೀಸೆಲ್ ರೇಟು ನಿಮಗೆ ಹೇಳಬೇಕಿಲ್ಲ. ಇನ್ನು ಬ್ಯಾಕ್ಟೀರಿಯಾ ಬೆಳೆಯುವಾಗ ಏಳುವ ಕಾವು. ಪಾತ್ರೆ ಎಲ್ಲ ದಿಕ್ಕಿಗೂ ಹತ್ತುಪಟ್ಟು ದೊಡ್ಡದಾದರೆ ಒಳಗಿನ ದ್ರವ ಸಾವಿರಪಟ್ಟು, ಕಾವು ಆರುವ ಹೊರಮೈ ಮಾತ್ರ ನೂರುಪಟ್ಟು. ತಣ್ಣಗಿಡುವ ಚಿಲ್ಲರ್ ಇಲ್ಲದೆ 30 ಡಿಗ್ರಿಯಲ್ಲಿ ನಿಲ್ಲಿಸಲು ಆಗುವುದಿಲ್ಲ. ಬೇರೆ ಯಾವುದೋ ಜೀವಾಣು ನುಸುಳಿದರೆ ಫ್ಲಾಸ್ಕಾದರೆ ಚೆಲ್ಲಿ ತೊಳೆಯಬಹುದು, ಇಲ್ಲಿ ಸಾವಿರ ಲೀಟರೂ ಹೋಯಿತು. ಅದಕ್ಕೇ ಬ್ಯಾಕ್ಟೀರಿಯಾವನ್ನು ಟ್ಯೂಬಿನಿಂದ ಫ್ಲಾಸ್ಕಿಗೆ, ಅಲ್ಲಿಂದ ಸಣ್ಣ ಟ್ಯಾಂಕಿಗೆ, ಆಮೇಲೆ ದೊಡ್ಡದಕ್ಕೆ, ಪ್ರತಿ ಹಂತದಲ್ಲೂ ಮೈಕ್ರೋಸ್ಕೋಪಿನಲ್ಲಿ ನೋಡಿಯೇ ಮುಂದೆ. ಮೂರು ವಾರ ಕೇಳುತ್ತಿರುವುದು ಈ ಕೆಲಸಕ್ಕೆ.

ಬಣ್ಣ ತೆಳುವಾಗಿದೆ, ನೀರು ಬೆರೆಸಿದ್ದಾರೆ ಎಂದವರಿಗೆ: ಬೇರೆ ಜೀವಾಣು ಸಾಯಲೆಂದು ಮೊದಲು ಟ್ಯಾಂಕನ್ನು ಆಹಾರದ ಸಮೇತ ಕಾಯಿಸುತ್ತೇವೆ; ದೊಡ್ಡ ಟ್ಯಾಂಕ್ 121 ಡಿಗ್ರಿಗೆ ಕಾದು ಆರಲು ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತು ಸಕ್ಕರೆಯೂ ಪ್ರೋಟೀನೂ ಒಟ್ಟಿಗೆ ಬೆಂದರೆ ಕಂದಾಗುತ್ತದೆ, ಜೀವಾಣುವಿನ ಆಹಾರ ಕೆಡುತ್ತದೆ. ಈಗ ಸಕ್ಕರೆಯನ್ನು ಬೇರೆಯಾಗಿ ಉಗಿಯಲ್ಲಿ ಬೇಯಿಸಿ ಸೇರಿಸುತ್ತೇವೆ. ನೀರು ಬೆರೆಸುವ ಜನ ನಾವಲ್ಲ.

ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ದ್ರವ ಪಿಎಸ್‌ಬಿಯ ಒಂದು ಮಿಲಿಲೀಟರಿನಲ್ಲಿ ಕನಿಷ್ಠ 10 ಕೋಟಿ ಜೀವಕೋಶ ಇರಬೇಕು. ಅದಕ್ಕಿಂತ ಕಡಿಮೆ ಬಂದ ಬ್ಯಾಚ್ ನಮ್ಮ ಬಾಗಿಲು ದಾಟುವುದಿಲ್ಲ. ಸಂಶಯವಿದ್ದರೆ ಸೀಲ್ ಒಡೆಯದ ಬಾಟಲಿ ತನ್ನಿ, ನಿಮ್ಮೆದುರೇ ಅದರ ಹನಿಯನ್ನು ಅಗರ್ (ಜೀವಾಣು ಬೆಳೆಸುವ ಗಟ್ಟಿ ಲೋಳೆ) ತುಂಬಿದ ಪ್ಲೇಟಿಗೆ ಹಾಕುತ್ತೇವೆ. ನಾಲ್ಕೈದು ದಿನ ಬಿಟ್ಟು ಬನ್ನಿ: ಮಸುಕು ಬಿಳಿಯ ಅಗರಿನ ಮೇಲೆ ಬ್ಯಾಕ್ಟೀರಿಯಾ ಬೆಳೆದ ಚುಕ್ಕೆಗಳ ಸುತ್ತ ರಂಜಕ ಕರಗಿ ತಿಳಿಯಾದ ಉಂಗುರ ನೀವೇ ನೋಡಬಹುದು. ಇದಕ್ಕೆ ದುಡ್ಡಿಲ್ಲ.

ಈಗಾಗಲೇ ಹೆಸರು ಬರೆಸಿದವರಿಗೆ ಹಳೆಯ ದರವೇ. ಮತ್ತೆ, ದಯವಿಟ್ಟು ಮೈಲುತುತ್ತು ಕಲಸಿದ ಡ್ರಮ್ಮಿನಲ್ಲಿ ಇದನ್ನು ಬೆರೆಸಬೇಡಿ, ತಾಮ್ರಕ್ಕೆ ಬ್ಯಾಕ್ಟೀರಿಯಾ ಸಾಯುತ್ತದೆ.

ನಿಮ್ಮ,
ಕಾರ್ಯದರ್ಶಿ