ಲಿಸ್ಬನ್–ಮ್ಯಾಡ್ರಿಡ್ ವಿಮಾನ ತಲುಪುವ ವೇಳೆ ತಪ್ಪಾಗಿ ತೋರಿಸಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಕಳೆದ ತಿಂಗಳು ನಾನೂ ನನ್ನ ಪತ್ನಿಯೂ ಲಿಸ್ಬನ್‌ನಲ್ಲಿರುವ ಮಗಳ ಮನೆಯಿಂದ ಸ್ಪೇನಿನ ಕಾರ್ದೋಬಾ ನೋಡಲು ಹೊರಟೆವು. ಮ್ಯಾಡ್ರಿಡ್‌ವರೆಗೆ ವಿಮಾನ, ಅಲ್ಲಿನ ಅತೋಚಾ ನಿಲ್ದಾಣದಿಂದ ಮಧ್ಯಾಹ್ನ 12ರ ರೈಲು. ಎರಡೂ ಟಿಕೆಟ್ ನಿಮ್ಮ ಆ್ಯಪ್‌ನ ಕನ್ನಡ ಆವೃತ್ತಿಯಲ್ಲೇ ತೆಗೆದದ್ದು.

ಅದರಲ್ಲಿ ಹೀಗಿತ್ತು: ದೂರ ಸುಮಾರು 500 ಕಿ.ಮೀ., ಪ್ರಯಾಣ 1 ಗಂಟೆ 20 ನಿಮಿಷ, ಹೊರಡುವುದು 9:00, ತಲುಪುವುದು 10:20. ದೂರ ಸರಿ, ಪ್ರಯಾಣದ ಅವಧಿಯೂ ಸರಿ. ತಲುಪುವ ವೇಳೆ ಮಾತ್ರ ಪೂರ್ತಿ ತಪ್ಪು. ಸ್ಪೇನಿನ ಗಡಿಯಾರ ಪೋರ್ಚುಗಲ್‌ಗಿಂತ ಒಂದು ಗಂಟೆ ಮುಂದಿದೆ. ನಾವು ಇಳಿದಾಗ ಮ್ಯಾಡ್ರಿಡ್‌ನಲ್ಲಿ 11:20. ಅತೋಚಾ ಮುಟ್ಟಿದಾಗ 12:20, ರೈಲು ಹೋಗಿಯಾಗಿತ್ತು. ಬೋರ್ಡಿಂಗ್ ಪಾಸ್‌ನಲ್ಲಿ ಹೊರಡುವ ಸಮಯವಷ್ಟೇ ಇದ್ದುದರಿಂದ ಮೊದಲೇ ತಿಳಿಯುವ ದಾರಿಯೂ ಇರಲಿಲ್ಲ. ಹೊಸದಾಗಿ ಎರಡು ಟಿಕೆಟ್‌ಗೆ 130 ಯೂರೋ ತೆರಬೇಕಾಯಿತು. ಮಸೀದಿಯಾಗಿದ್ದು ಮುಂದೆ ಚರ್ಚ್ ಆದ, 850ಕ್ಕೂ ಹೆಚ್ಚು ಕಂಬಗಳ ಕಾರ್ದೋಬಾದ ಆ ಮಸೀದಿ–ಕೆಥೆಡ್ರಲ್ ನೋಡಬೇಕೆಂದು ವರ್ಷಗಳಿಂದ ಆಸೆಪಟ್ಟಿದ್ದ ನನ್ನ ಪತ್ನಿ ಅದನ್ನು ಅವಸರದಲ್ಲಿ ಸುತ್ತಿ ಬರಬೇಕಾಯಿತು. ಹಣಕ್ಕಿಂತ ನನಗೆ ನೋವಾದದ್ದು ಅದಕ್ಕೆ.

ಫೋನ್ ಮಾಡಿದಾಗ ನಿಮ್ಮ ಸಿಬ್ಬಂದಿ, "ಟೈಮ್ ಝೋನ್ ನೀವೇ ನೋಡ್ಕೋಬೇಕಿತ್ತು ಸರ್" ಎಂದರು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವನು, ನಕ್ಷೆ ನೋಡಿಕೊಂಡೇ ಇದ್ದೆ. ಲಿಸ್ಬನ್ ಸುಮಾರು 9 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿದೆ, ಮ್ಯಾಡ್ರಿಡ್ 3.7 ಡಿಗ್ರಿ ಪಶ್ಚಿಮದಲ್ಲಿ. ಎರಡೂ ಗ್ರೀನಿಚ್‌ನ ಪಶ್ಚಿಮಕ್ಕೇ ಇವೆ. ಡಿಗ್ರಿಗೆ 4 ನಿಮಿಷದಂತೆ ಸೂರ್ಯನ ಲೆಕ್ಕ ಹಾಕಿದರೂ ಅಂತರ 22 ನಿಮಿಷ ದಾಟುವುದಿಲ್ಲ. ಆದರೆ ಸ್ಪೇನ್ 1940ರಲ್ಲಿ, ಸರ್ವಾಧಿಕಾರಿ ಫ್ರಾಂಕೋ ಆಡಳಿತದಲ್ಲಿ, ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ ಮಧ್ಯ ಯುರೋಪಿನ ಸಮಯ ಹಿಡಿಯಿತು, ಇಂದಿಗೂ ಬಿಟ್ಟಿಲ್ಲ. ನಕ್ಷೆ ಎದುರಿಗಿಟ್ಟುಕೊಂಡವರಿಗೂ ಇದು ಕಾಣುವ ಸಂಗತಿಯಲ್ಲ. ನಮ್ಮ ಜನ ಬೆಂಗಳೂರಿನಿಂದ ದೆಹಲಿಗೆ ಸುಮಾರು 1,700 ಕಿ.ಮೀ. ಹಾರಿದರೂ ವಾಚು ಮುಟ್ಟುವುದಿಲ್ಲ. 500 ಕಿ.ಮೀ.ಗೆ ಗಂಟೆ ಬದಲಾಗುತ್ತದೆಂದು ಹೇಳುವ ಹೊಣೆ ಟಿಕೆಟ್ ಮಾರುವವರದ್ದು.

ನಿಮ್ಮ ಇಂಗ್ಲಿಷ್ ಪುಟ ತೆರೆದು ನೋಡಿದೆ. ಅದೇ ವಿಮಾನಕ್ಕೆ ಅಲ್ಲಿ 11:20 ಎಂದಿದೆ, ಪಕ್ಕದಲ್ಲಿ ಸ್ಥಳೀಯ ಸಮಯ ಎಂಬ ಸೂಚನೆಯೂ ಇದೆ. ಕನ್ನಡ ಪುಟದಲ್ಲಿ ಹೊರಡುವ ವೇಳೆಗೆ ಪ್ರಯಾಣದ ಅವಧಿ ಕೂಡಿಸಿ ಬಿಟ್ಟಿದ್ದೀರಿ. ವಾಪಸು ಬರುವಾಗಲೂ ಹೀಗೇ ಆಯಿತು: ಸಂಜೆ 6ಕ್ಕೆ ಹೊರಟ ವಿಮಾನ ಲಿಸ್ಬನ್‌ಗೆ 7:20ಕ್ಕೆ ಎಂದು ತೋರಿಸಿದಿರಿ, ಇಳಿದಾಗ ಅಲ್ಲಿ 6:20. ಕನ್ನಡದಲ್ಲಿ ಓದುವವರು ಕೊಡುವ ದುಡ್ಡೂ ಅಷ್ಟೇ ಅಲ್ಲವೇ? ಮಾಹಿತಿ ಯಾಕೆ ಕಡಿಮೆ?

130 ಯೂರೋ ಹಿಂದಿರುಗಿಸಿ. ಕನ್ನಡ ಪುಟದ ಎರಡೂ ವೇಳೆಗಳ ಮುಂದೆ "ಸ್ಥಳೀಯ ಸಮಯ" ಎಂದು ಬರೆದು ಲೆಕ್ಕ ಸರಿಪಡಿಸಿ. 15 ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. ಟಿಕೆಟ್‌ಗಳ ಪ್ರತಿ, ಎರಡೂ ಪುಟಗಳ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ
ಮೈಸೂರು