ಆ ಒಂದು ಗಂಟೆ ಗದ್ದಲಕ್ಕೆ ಬಲಿಯಾಗದಿರಲಿ

ಮಾನ್ಯ ಸಂಪಾದಕರೇ,

ಲೋಕಸಭೆಯ ಒಂದು ಗಂಟೆಯ ಪ್ರಶ್ನೋತ್ತರ ಅವಧಿಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳಿರುತ್ತವೆ. ಅಂದರೆ, ಇವಕ್ಕೆ ಸಚಿವರು ಎದ್ದು ನಿಂತು ಬಾಯಿಮಾತಿನಲ್ಲೇ ಉತ್ತರಿಸಬೇಕು. ನನಗೆ ಮುಖ್ಯ ಅನಿಸುವುದು ಅದರ ಬೆನ್ನಿಗೇ ಬರುವ ಉಪಪ್ರಶ್ನೆ. ಅಧಿಕಾರಿಗಳು ಬರೆದುಕೊಟ್ಟ ಹಾಳೆ ಆಗ ಸಾಲದು. ಸಚಿವರಿಗೆ ಇಲಾಖೆ ಎಷ್ಟು ಗೊತ್ತು ಅಂತ ತಿಳಿಯುವುದೇ ಅಲ್ಲಿ, ಅಲ್ವಾ?

2020ರ ಸೆಪ್ಟೆಂಬರ್ ಅಧಿವೇಶನದಲ್ಲಿ ಕೋವಿಡ್ ಕಾರಣಕ್ಕೆ ಈ ಅವಧಿಯನ್ನೇ ಕೈಬಿಟ್ಟು, ಲಿಖಿತ ಉತ್ತರ ಮಾತ್ರ ಉಳಿಸಿಕೊಂಡಿದ್ದರು. ಲಾಕ್‌ಡೌನ್‌ನಲ್ಲಿ ಊರಿಗೆ ಹೊರಟು ಸತ್ತ ವಲಸೆ ಕಾರ್ಮಿಕರೆಷ್ಟು ಎಂದು ಕೇಳಿದ್ದಕ್ಕೆ, ಅಂಥ ಮಾಹಿತಿಯೇ ಇಲ್ಲ ಎಂದು ಕಾರ್ಮಿಕ ಸಚಿವಾಲಯ ಬರೆದುಕೊಟ್ಟಿತು. ಯಾಕಿಲ್ಲ ಎಂಬ ಉಪಪ್ರಶ್ನೆಗೆ ಅವಕಾಶವೇ ಇರಲಿಲ್ಲ. ಆ ಉತ್ತರ ಓದಿ ಹೊಟ್ಟೆ ಉರಿಯಿತು.

ಗದ್ದಲವೆದ್ದು ಕಲಾಪ ಮುಂದೂಡಿದ ದಿನವೂ ಆಗುವುದು ಇದೇ: ಲಿಖಿತ ಉತ್ತರವಷ್ಟೇ ಉಳಿಯುತ್ತದೆ, ಉಪಪ್ರಶ್ನೆ ಇಲ್ಲ. ನಮ್ಮ ಸಂಸದರು ಆ ಒಂದು ಗಂಟೆಯಾದರೂ ಸ್ಪೀಕರ್ ಪೀಠದ ಮುಂದಿನ ‘ಬಾವಿ’ಗಿಳಿಯದೆ, ಕೂತಲ್ಲಿಂದಲೇ ಕೇಳಲಿ.

– ಒಬ್ಬ ಓದುಗ, ಗದಗ